ಕ್ಯಾಲಿಪರಿನ ಬೋಲ್ಟು

ಓಡುವ ಮೋಟಾರನ್ನು ನಿಲ್ಲಿಸುವುದೆಂದರೆ ಅದರ ಚಲನಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸುವುದೇ ಆಗಿದೆ. ೧,೦೦೦ ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ ೭೨ ಕಿಲೋಮೀಟರ್ ವೇಗದಿಂದ ಸಾಗುತ್ತಿರುವಾಗ ಅದರಲ್ಲಿ ೨ ಲಕ್ಷ ಜೂಲ್ ಶಕ್ತಿ ಇರುತ್ತದೆ. ಅರ್ಧ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಇಷ್ಟು ಸಾಕು. ಬ್ರೇಕು ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಇದೆಲ್ಲವೂ ಉಷ್ಣವಾಗಿ ಹೊರಬೀಳಬೇಕು.

ಡಿಸ್ಕ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವ ಬೀಡುಕಬ್ಬಿಣದ ತಟ್ಟೆಯೊಂದನ್ನು ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಆ ಇಕ್ಕಳವೇ ಕ್ಯಾಲಿಪರ್. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ೧೯೦೨ರಲ್ಲಿ ಇಂಥ ಬ್ರೇಕಿಗೆ ಪೇಟೆಂಟು ಪಡೆದನು. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದುದು ಡಿಸ್ಕ್ ಬ್ರೇಕುಗಳಿಂದಲೇ ಕೀರ್ತಿ ಪಡೆಯಿತು. ನಮ್ಮ ಮಾರುತಿ ೮೦೦ರ ಮುಂಗಾಲಿಗಳಲ್ಲಿಯೂ ಕ್ಯಾಲಿಪರುಗಳೇ ಇದ್ದವು. ಅದರ ತಯಾರಿಕೆ ೨೦೧೪ರಲ್ಲಿ ನಿಂತಿತು. ಹೀಗೆ ತಯಾರಿಕೆ ನಿಂತ ಗಾಡಿಗಳನ್ನು ಓಡಿಸುವವರು ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಬೋಲ್ಟು, ರಬ್ಬರು ಉಂಗುರಗಳಿಗಾಗಿ ಹುಡುಕುತ್ತಾರೆ. ಅಳತೆಗೆ ಕೂತರೆ ಸಾಕೆಂದು ಅನೇಕರ ಭಾವನೆ. ಆದರೆ ಅಳತೆಯೊಂದೇ ಸಾಲದು.

ಬೋಲ್ಟನ್ನು ನಾವು ಗೂಟವೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅದೊಂದು ಬಿಗಿಯಾದ ಸ್ಪ್ರಿಂಗು. ತಿರುಗಿಸಿ ಬಿಗಿದಾಗ ಉಕ್ಕು ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಹವಣಿಸುತ್ತ ಕ್ಯಾಲಿಪರನ್ನು ಅದರ ಆಧಾರಕ್ಕೆ ಒತ್ತಿ ಹಿಡಿಯುತ್ತದೆ. ಬ್ರೇಕಿನ ಸೆಳೆತವನ್ನು ಬಹುಮಟ್ಟಿಗೆ ತಡೆಯುವುದು ಹೀಗೆ ಒತ್ತಿಕೊಂಡ ಮೈಗಳ ನಡುವಣ ಘರ್ಷಣೆ. ಹಿಗ್ಗುವ ಮಿತಿಯನ್ನು ಮೀರಿದರೆ ಬೋಲ್ಟು ಮರಳಿ ಕುಗ್ಗದು, ಹಿಡಿತ ಸಡಿಲಾಗುತ್ತದೆ. ಈ ಮಿತಿ ಬೋಲ್ಟಿನ ತಲೆಯ ಮೇಲೆಯೇ ಅಂಕಿಗಳಲ್ಲಿ ಬರೆದಿರುತ್ತದೆ. ೮.೮ ಎಂದರೆ ಪ್ರತಿ ಚದರ ಮಿಲಿಮೀಟರಿಗೆ ೮೦೦ ನ್ಯೂಟನ್ ಎಳೆತವನ್ನು ತಾಳಿ, ಅದರ ಹತ್ತರಲ್ಲಿ ಎಂಟು ಪಾಲು, ಅಂದರೆ ೬೪೦ ನ್ಯೂಟನ್‌ವರೆಗೆ, ಮೊದಲಿನ ರೂಪಕ್ಕೆ ಮರಳಬಲ್ಲ ಉಕ್ಕು. ೧೦.೯ಕ್ಕೆ ಈ ಮಿತಿ ೯೦೦. ಥಳಥಳಿಸುವ, ತುಕ್ಕು ಹಿಡಿಯದ ಎ೨-೭೦ ಉಕ್ಕಿನ ಬೋಲ್ಟಿಗಾದರೋ ೪೫೦ ಮಾತ್ರ! ಅಂದಕ್ಕೆ ಮರುಳಾಗಿ ಇದನ್ನು ಕ್ಯಾಲಿಪರಿಗೆ ಹಾಕುವವರು ಇದ್ದಾರೆ. ಗುಜರಿಯ ಬೋಲ್ಟೂ ಬೇಡ. ಅದು ಹಿಂದೆ ಎಷ್ಟು ಹಿಗ್ಗಿತ್ತೆಂಬುದನ್ನು ಕಣ್ಣು ಹೇಳಲಾರದು.

ತಿರುಪಿನ ಸುತ್ತುಗಳ ಅಂತರವನ್ನೂ ನೋಡಬೇಕು. ೧೦ ಮಿಲಿಮೀಟರ್ ದಪ್ಪದ ಬೋಲ್ಟುಗಳಲ್ಲಿಯೇ ೧.೫ ಮತ್ತು ೧.೨೫ ಮಿಲಿಮೀಟರ್ ಅಂತರದವು ಬೇರೆ ಬೇರೆ ಉಂಟು. ಒಂದರ ಜಾಗದಲ್ಲಿ ಇನ್ನೊಂದು ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಬಲವಂತ ಮಾಡಿದರೆ ರಂಧ್ರದ ತಿರುಪೇ ಹಾಳು. ಆದುದರಿಂದ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ತಯಾರಕರ ಪುಸ್ತಕದ ಭಾಗಸಂಖ್ಯೆಯನ್ನು ಬರೆದುಕೊಂಡು ಅಂಗಡಿಗೆ ಹೋಗುವುದು ಲೇಸು.

ಇನ್ನು ರಬ್ಬರು ಉಂಗುರ. ಬ್ರೇಕಿನಿಂದ ಕಾಲು ತೆಗೆದೊಡನೆ ಕ್ಯಾಲಿಪರಿನ ಪಿಸ್ಟನ್ ಹಿಂದೆ ಸರಿಯುತ್ತದೆ. ಅದನ್ನು ಸೆಳೆಯಲು ಅಲ್ಲಿ ಸ್ಪ್ರಿಂಗು ಇಲ್ಲ. ಹಾಗಾದರೆ ಸೆಳೆಯುವುದಾವುದು? ಪಿಸ್ಟನ್ನನ್ನು ಸುತ್ತಿಕೊಂಡಿರುವ ಚೌಕ ಅಂಚಿನ ಈ ಉಂಗುರವೇ! ಪಿಸ್ಟನ್ ಮುಂದೆ ಚಲಿಸುವಾಗ ಉಂಗುರ ಅದರೊಡನೆ ಬಾಗುತ್ತದೆ. ದ್ರವದ ಒತ್ತಡ ಇಳಿದಾಗ ನೆಟ್ಟಗಾಗಿ ಅದನ್ನು ಹಿಂದೆಳೆಯುತ್ತದೆ. ಪ್ಯಾಡು ಸವೆದಿದ್ದರೆ ಪಿಸ್ಟನ್ ಉಂಗುರದೊಳಗೆ ತುಸು ಜಾರಿ ಮುಂದೆ ನಿಲ್ಲುತ್ತದೆ. ಸವೆತ ತಾನಾಗಿ ಸರಿಹೋಗುತ್ತದೆ. ಇಷ್ಟು ಚತುರ ಕೆಲಸ ಮಾಡುವ ಉಂಗುರ ಗಡಸಾದರೆ ಪ್ಯಾಡು ತಟ್ಟೆಯನ್ನು ಬಿಡದೆ ಉಜ್ಜುತ್ತಲೇ ಇದ್ದು ಗಾಲಿ ಕಾಯುತ್ತದೆ. ಇದರ ಬದಲಿಗೆ ದುಂಡು ಅಂಚಿನ ಉಂಗುರ ಅದೇ ಅಳತೆಯದಾದರೂ ನಡೆಯದು.

ರಿಪೇರಿ ಕಿಟ್ಟಿನಲ್ಲಿ ಈ ಉಂಗುರವೂ ಧೂಳು ತಡೆಯುವ ರಬ್ಬರು ಹೊದಿಕೆಯೂ ಬರುತ್ತವೆ. ಇವನ್ನು ಸೀಮೆಎಣ್ಣೆಯಿಂದಾಗಲಿ, ಎಂಜಿನ್ ಎಣ್ಣೆಯಿಂದಾಗಲಿ ಮುಟ್ಟಬಾರದು. ಬ್ರೇಕ್ ದ್ರವಕ್ಕೆ ಒಗ್ಗುವ ರಬ್ಬರು ಖನಿಜ ತೈಲದಲ್ಲಿ ಊದಿಕೊಳ್ಳುತ್ತದೆ. ತೊಳೆಯಲೂ ನೆನೆಸಲೂ ಆಗತಾನೆ ಡಬ್ಬಿ ಒಡೆದ ಬ್ರೇಕ್ ದ್ರವವೇ ಆಗಬೇಕು.