ಹರಿತವಿಲ್ಲದ ಕತ್ತಿ: ಇಯಾಯ್‌ಟೊ ಆರಿಸೋದು ಹೇಗೆ?

ಅನಿಮೆ ನೋಡಿ ನಮ್ಮಲ್ಲಿ ತುಂಬಾ ಜನಕ್ಕೆ ಜಪಾನಿ ಕತ್ತಿ ಅಂದ್ರೆ ಹುಚ್ಚು. ಆನ್‌ಲೈನ್‌ನಲ್ಲಿ ಹುಡುಕಿದರೆ ರಾಶಿ ರಾಶಿ ‘ಕಟಾನಾ’ ಸಿಗುತ್ತವೆ. ಆದರೆ ಅಗ್ಗದವು ಬಹಳಷ್ಟು ಗೋಡೆಗೆ ನೇತುಹಾಕೋಕೆ ಮಾಡಿದವು. ಅಂಥದ್ದನ್ನು ಜೋರಾಗಿ ಬೀಸಿದರೆ ಹಿಡಿಯೊಳಗಿನ ತೆಳು ಕಡ್ಡಿ ಮುರಿದು, ಅಲಗು ಪಕ್ಕದವರ ಮೇಲೆ ಹಾರಬಹುದು. ಅದಕ್ಕೇ ಅಭ್ಯಾಸದ ಕತ್ತಿ ಆರಿಸುವಾಗ ಏನೇನು ನೋಡಬೇಕು ಅಂತ ತಿಳ್ಕೊಳ್ಳೋಣ.

ಏನಿದು ಇಯಾಯ್‌ಟೊ?

ಒರೆಯಿಂದ ಕತ್ತಿ ಎಳೆದು, ಬೀಸಿ, ಮತ್ತೆ ಒರೆಗೆ ಸೇರಿಸುವ ಕಲೆಯೇ ಇಯಾಯ್‌ಡೊ. ಹೆಚ್ಚಾಗಿ ಒಬ್ಬರೇ ಮಾಡುವ ಅಭ್ಯಾಸ ಇದು. ಇದಕ್ಕೆ ಬಳಸುವ ಹರಿತವಿಲ್ಲದ ಕತ್ತಿ ಇಯಾಯ್‌ಟೊ. ಜಪಾನಿನಲ್ಲಿ 1958ರ ಕಾಯ್ದೆಯ ಪ್ರಕಾರ ನಿಜವಾದ ಉಕ್ಕಿನ ಕತ್ತಿಗೆ ಕಲಾವಸ್ತು ಅಂತ ನೋಂದಣಿ ಬೇಕು. ಹಾಗಾಗಿ ಅಲ್ಲಿನ ಇಯಾಯ್‌ಟೊಗಳ ಅಲಗು ಸಾಮಾನ್ಯವಾಗಿ ಸತು-ಅಲ್ಯೂಮಿನಿಯಂ ಮಿಶ್ರಲೋಹದ್ದು. ಇದಕ್ಕೆ ಸರಿಯಾದ ಹರಿತ ಕೊಡೋಕಾಗಲ್ಲ. ಇದರಿಂದ ಏನನ್ನೂ ಕಡಿಯಬಾರದು, ಇನ್ನೊಂದು ಕತ್ತಿಗೆ ಹೊಡೆಯಲೂಬಾರದು. ಆದರೂ ಮೊನೆ ಚೂಪಾಗೇ ಇರುತ್ತದೆ, ಚುಚ್ಚಿದರೆ ಗಾಯ ಗ್ಯಾರಂಟಿ.

ಉದ್ದ

ಜಪಾನಿಗಳು ಕತ್ತಿಯನ್ನು ಶಾಕು ಮತ್ತು ಸುನ್ ಲೆಕ್ಕದಲ್ಲಿ ಅಳೆಯುತ್ತಾರೆ. 1 ಶಾಕು ಅಂದ್ರೆ 30.3 ಸೆಂ.ಮೀ., ಅದರ ಹತ್ತನೇ ಒಂದು ಭಾಗ ಸುನ್. ಸುಮಾರು 170 ಸೆಂ.ಮೀ. ಎತ್ತರದವರು ಸಾಮಾನ್ಯವಾಗಿ 2.4 ಅಥವಾ 2.45 ಶಾಕು ಅಲಗು ತಗೊಳ್ತಾರೆ. 2.45 ಅಂದ್ರೆ ಸುಮಾರು 74.2 ಸೆಂ.ಮೀ. ಇದು ಬರೀ ಅಂದಾಜು. ತೋಳಿನ ಉದ್ದ, ಕಲಿಯುವ ಪಂಥ ಎರಡೂ ಲೆಕ್ಕಕ್ಕೆ ಬರುತ್ತವೆ. ಅಲಗು ತೀರಾ ಉದ್ದವಾದರೆ ಮೊನೆ ಒರೆಯ ಬಾಯಿಂದ ಸಲೀಸಾಗಿ ಹೊರಬರಲ್ಲ, ಒರೆ ಹಿಡಿದ ಎಡಗೈಗೆ ತಗಲುತ್ತದೆ.

ತೂಕಕ್ಕಿಂತ ಬ್ಯಾಲೆನ್ಸ್

ಇಲ್ಲಿ ನಮ್ಮ ಮೊದಲ ವರ್ಷದ ಮೆಕ್ಯಾನಿಕ್ಸ್ ಕೆಲಸಕ್ಕೆ ಬರುತ್ತೆ. ಎರಡು ಕತ್ತಿ ಇವೆ ಅಂದ್ಕೊಳ್ಳೋಣ, ಎರಡರ ತೂಕವೂ 850 ಗ್ರಾಂ. ಒಂದರ ಗುರುತ್ವ ಕೇಂದ್ರ ನಮ್ಮ ಬಲಗೈಯಿಂದ 18 ಸೆಂ.ಮೀ. ದೂರ, ಇನ್ನೊಂದರದ್ದು 23. ಅಡ್ಡಲಾಗಿ ಹಿಡಿದು ನಿಂತರೆ ಮೊದಲನೆಯದಕ್ಕೆ ಸುಮಾರು 1.5 ನ್ಯೂಟನ್-ಮೀಟರ್ ಟಾರ್ಕ್, ಎರಡನೆಯದಕ್ಕೆ 1.9. ಅಂದ್ರೆ ತೂಕ ಅಷ್ಟೇ ಇದ್ದರೂ ಮಣಿಕಟ್ಟಿನ ಮೇಲಿನ ಹೊರೆ ಕಾಲು ಭಾಗಕ್ಕಿಂತ ಜಾಸ್ತಿ! ದಿನಾ ನೂರು ಸಲ ಬೀಸಿದರೆ ಮೊಣಕೈ, ಭುಜ ಎರಡೂ ದೂರು ಹೇಳುತ್ತವೆ. ಆದ್ದರಿಂದ ಆರ್ಡರ್ ಮಾಡುವಾಗ ತೂಕದ ಜೊತೆ ಬ್ಯಾಲೆನ್ಸ್ ಪಾಯಿಂಟ್ ಎಲ್ಲಿದೆ ಅಂತಲೂ ಕೇಳಬೇಕು.

ಬದಲಾಯಿಸಿಕೊಳ್ಳಬಹುದಾದ ಭಾಗಗಳು

ಅಲಗಿನ ಉದ್ದಕ್ಕೂ ತೋಡಿದ ಗಾಡಿಗೆ ಬೊ-ಹಿ ಅಂತಾರೆ. ಇದು ತೂಕ ಇಳಿಸುತ್ತದೆ, ಕೋನ ಸರಿಯಾಗಿದ್ದರೆ ಬೀಸಿದಾಗ ‘ಸುಯ್ಯ್’ ಅನ್ನುತ್ತದೆ. ಹೊಸಬರಿಗೆ ಈ ಸದ್ದೇ ಅರ್ಧ ಮೇಷ್ಟ್ರು.

ಕೈಗಾವಲು ಅಂದ್ರೆ ತ್ಸುಬಾ, ಕಬ್ಬಿಣ ಅಥವಾ ಹಿತ್ತಾಳೆಯದ್ದು. ಭಾರದ ತ್ಸುಬಾ ಹಾಕಿದರೆ ಒಟ್ಟು ತೂಕ ಏರಿದರೂ ಗುರುತ್ವ ಕೇಂದ್ರ ಕೈ ಹತ್ತಿರ ಸರಿಯುತ್ತದೆ.

ಹಿಡಿಯ ಉದ್ದ ಸಾಮಾನ್ಯವಾಗಿ 8 ಸುನ್ ಆಸುಪಾಸು, ಅಂದ್ರೆ ಸುಮಾರು 24 ಸೆಂ.ಮೀ. ಅಂಗೈ ದೊಡ್ಡದಿದ್ದರೆ ಸ್ವಲ್ಪ ಉದ್ದದ್ದು ಕೇಳಬಹುದು. ಹಿಡಿಗೆ ಸುತ್ತುವ ಪಟ್ಟಿ ಹತ್ತಿ, ರೇಷ್ಮೆ ಅಥವಾ ಚರ್ಮದ್ದು. ಬೆವರುವ ಕೈಗೆ ಜಾರದಂತಿರುವುದು ಮುಖ್ಯ, ಬಣ್ಣ ಆಮೇಲೆ.

ಎಡಚರಿಗೊಂದು ಮಾತು: ಇಯಾಯ್‌ಡೊದಲ್ಲಿ ಎಲ್ಲರೂ ಕತ್ತಿಯನ್ನು ಎಡ ಸೊಂಟದಲ್ಲಿಟ್ಟು ಬಲಗೈಯಲ್ಲೇ ಎಳೆಯೋದು. ಉಲ್ಟಾ ಮಾಡಿಸಬೇಡಿ.

ಚಿಕ್ಕ ಬಿದಿರಿನ ಮೊಳೆ

ಅಲಗನ್ನು ಹಿಡಿಯೊಳಗೆ ಭದ್ರವಾಗಿಡೋದು ಮೆಕುಗಿ ಎಂಬ ಪುಟ್ಟ ಬಿದಿರಿನ ಮೊಳೆ. ಅದು ಸಡಿಲವಾದರೆ ಎಷ್ಟು ದುಬಾರಿ ಕತ್ತಿಯಾದರೂ ಅಪಾಯವೇ. ಪ್ರತಿ ಅಭ್ಯಾಸಕ್ಕೂ ಮುಂಚೆ ಅದನ್ನು ಬೆರಳಲ್ಲಿ ಒತ್ತಿ ನೋಡಬೇಕು. ಬಿರುಕು ಕಂಡರೆ ಬದಲಾಯಿಸಬೇಕು.

ಯಾವಾಗ ಕೊಳ್ಳೋದು?

ಕಲಿಯೋಕೆ ಶುರು ಮಾಡಿದ ದಿನವೇ ಬೇಡ. ಮೊದಲು ಬೊಕ್ಕೆನ್, ಅಂದ್ರೆ ಮರದ ಕತ್ತಿ ಸಾಕು. ಕೆಲವು ತಿಂಗಳಾದ ಮೇಲೆ ಗುರುಗಳನ್ನೇ ಅಳತೆ ಕೇಳಿ, ಆಮೇಲೆ ಆರ್ಡರ್ ಮಾಡೋಣ. ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆ ಇದೆ, ವಿದೇಶದಿಂದ ತರಿಸಿದರೆ ಕಸ್ಟಮ್ಸ್ ತಪಾಸಣೆಯೂ ಇದೆ. ದುಡ್ಡು ಕಟ್ಟುವ ಮುಂಚೆಯೇ ಎರಡೂ ಕಡೆ ವಿಚಾರಿಸಬೇಕು. ಕತ್ತಿ ಬಂದ ಮೇಲೆ ಅದರ ಜಾಗ ಚೀಲ ಮತ್ತು ಅಭ್ಯಾಸದ ಹಾಲ್. ಹಾಸ್ಟೆಲ್ ಕಾರಿಡಾರ್ ಅಂತೂ ಖಂಡಿತ ಅಲ್ಲ.