ಮನೆಯ ಸರ್ವರ್‌ಗೆ ದುಡ್ಡು ಎಲ್ಲಿ ಹಾಕಬೇಕು?

ಓದುಗರೊಬ್ಬರು ಕೇಳಿದ್ದಾರೆ: ‘ಮನೆಮಂದಿಯ ಫೋನ್‌ಗಳೆಲ್ಲ ಫೋಟೊ, ವಿಡಿಯೊಗಳಿಂದ ತುಂಬಿಹೋಗಿವೆ. ಕ್ಲೌಡ್‌ಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಬದಲು ಮನೆಯಲ್ಲೇ ಒಂದು ನ್ಯಾಸ್ (ಎಲ್ಲರ ಫೈಲ್‌ಗಳನ್ನು ಒಂದೆಡೆ ಕೂಡಿಡುವ ಪುಟ್ಟ ಸರ್ವರ್) ಇಟ್ಟುಕೊಳ್ಳೋಣ ಎಂದಿದ್ದೇನೆ. ಎಂಟು ಕೋರ್‌ಗಳ ಪ್ರೊಸೆಸರ್, 32 ಜಿಬಿ ರ‍್ಯಾಮ್ ಇಲ್ಲದೆ ಆಗದು ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?’

ನಿಜವಲ್ಲ. ಗೇಮ್ ಆಡುವ ಕಂಪ್ಯೂಟರ್ ಕೊಳ್ಳುವ ಲೆಕ್ಕದಲ್ಲೇ ನ್ಯಾಸ್ ಕೊಳ್ಳಲು ಹೊರಟರೆ ಹಣದ ಬಹುಪಾಲು ಪ್ರೊಸೆಸರ್‌ಗೆ ಹೋಗಿ, ಅಳಿದುಳಿದದ್ದು ಡಿಸ್ಕಿನ ಪಾಲಿಗೆ ಬೀಳುತ್ತದೆ. ಆಗಬೇಕಾದದ್ದು ಇದರ ತಿರುಗುಮುರುಗು. ಏಕೆಂದು ಒಂದು ಭಾಗಾಕಾರ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಮನೆಯ ರೌಟರ್‌ನಲ್ಲಿರುವ ಗಿಗಾಬಿಟ್ ಕೇಬಲ್ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ 125 ಮೆಗಾಬೈಟ್. ದತ್ತಾಂಶದ ಜೊತೆ ಸಾಗುವ ವಿಳಾಸ, ಲೆಕ್ಕಪತ್ರ ಎಂದು ಕಳೆದರೆ ಕೈಗೆ ಸಿಗುವುದು ಸುಮಾರು 110. ಇಂದಿನ ಸಾಮಾನ್ಯ ಹಾರ್ಡ್ ಡಿಸ್ಕ್ ಒಂದೇ ಸಾಲಿನಲ್ಲಿ ಓದುವಾಗ ಸೆಕೆಂಡಿಗೆ 150ರಿಂದ 250 ಮೆಗಾಬೈಟ್ ಕೊಡಬಲ್ಲದು. ಅಂದರೆ ಒಂಟಿ ಡಿಸ್ಕೇ ಕೇಬಲ್‌ಗಿಂತ ವೇಗವಾಗಿದೆ. 4ಕೆ ಬ್ಲೂ-ರೇ ಸಿನಿಮಾ ಸೆಕೆಂಡಿಗೆ ಹೆಚ್ಚೆಂದರೆ 128 ಮೆಗಾಬಿಟ್ ಕೇಳುತ್ತದೆ, ಅಂದರೆ 16 ಮೆಗಾಬೈಟ್. ಇಷ್ಟನ್ನು ಡಿಸ್ಕಿನಿಂದ ಎತ್ತಿ ಕೇಬಲ್‌ಗೆ ಕೊಡಲು ಎಂಟು ಕೋರ್‌ಗಳು ಬೇಕಿಲ್ಲ. ಇಂಟೆಲ್‌ನ ಎನ್100ರಂಥ ನಾಲ್ಕು ಕೋರ್‌ಗಳ, 6 ವಾಟ್ ದರ್ಜೆಯ ಪುಟ್ಟ ಚಿಪ್ ಸಾಕು. ಸಿನಿಮಾವನ್ನು ಫೋನಿಗೆ ತಕ್ಕಂತೆ ಕುಗ್ಗಿಸಿ ಕಳುಹಿಸುವ ಕೆಲಸವನ್ನೂ ಅದರೊಳಗಿನ ವಿಡಿಯೊ ಘಟಕವೇ ಮಾಡುತ್ತದೆ. ರ‍್ಯಾಮ್ 8 ಜಿಬಿ ಇದ್ದರೆ ಧಾರಾಳ. ಪ್ರತಿ ಟೆರಾಬೈಟ್‌ಗೆ ಒಂದು ಜಿಬಿ ರ‍್ಯಾಮ್ ಬೇಕೆಂಬ ಮಾತು ದೊಡ್ಡ ಕಚೇರಿಗಳ ಸರ್ವರ್‌ಗಳಿಂದ ಇಳಿದು ಬಂದದ್ದು, ಮನೆಗೆ ಅದು ಅನ್ವಯಿಸುವುದಿಲ್ಲ.

ಅಟ್ಟದ ಮೇಲಿರುವ ಹಳೆಯ ಕಂಪ್ಯೂಟರ್ ಆಗದೇ ಎಂದರೆ, ಕಲಿಯಲು ಖಂಡಿತ ಆಗುತ್ತದೆ. ಆದರೆ ಈ ಯಂತ್ರ ಹಗಲೂ ರಾತ್ರಿ ಉರಿಯುವಂಥದ್ದು. 60 ವಾಟ್ ತಿನ್ನುವ ಹಳೆಯ ಯಂತ್ರ ವರ್ಷಕ್ಕೆ 525 ಯೂನಿಟ್ ಬಳಸುತ್ತದೆ. 20 ವಾಟ್‌ನದು 175. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ವ್ಯತ್ಯಾಸ ವರ್ಷಕ್ಕೆ 2100 ರೂಪಾಯಿ, ಐದು ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕು. ಪುಕ್ಕಟೆ ಸಿಕ್ಕಿದ ಯಂತ್ರದ ನಿಜವಾದ ಬೆಲೆ ಇದು.

ಇನ್ನು ಡಿಸ್ಕಿಗೆ ಬರೋಣ. ನನ್ನ ಮಟ್ಟಿಗೆ, ಮನುಷ್ಯ ಮಾಡಿದ ಅತಿ ಸೂಕ್ಷ್ಮ ಯಂತ್ರಗಳ ಸಾಲಿನಲ್ಲಿ ನಿಲ್ಲಬೇಕಾದ ವಸ್ತು ಹಾರ್ಡ್ ಡಿಸ್ಕ್. 1956ರಲ್ಲಿ ಐಬಿಎಂನ ಸ್ಯಾನ್ ಹೊಸೆ ಪ್ರಯೋಗಾಲಯದಲ್ಲಿ ರೆನಾಲ್ಡ್ ಜಾನ್ಸನ್ ಅವರ ತಂಡ ರಾಮ್ಯಾಕ್ ಯಂತ್ರಕ್ಕಾಗಿ ಮೊದಲ ಹಾರ್ಡ್ ಡಿಸ್ಕ್ ತಯಾರಿಸಿತು. 24 ಇಂಚು ಅಗಲದ 50 ತಟ್ಟೆಗಳು, ಸುಮಾರು ಒಂದು ಟನ್ ತೂಕ. ಅದರಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊ ಅದನ್ನು ಹೆಚ್ಚುಕಡಿಮೆ ತುಂಬಿಸಿಬಿಡುತ್ತದೆ. ಈಗಿನ ಡಿಸ್ಕಿನಲ್ಲಿ ಓದುವ ತಲೆ ನಿಮಿಷಕ್ಕೆ 5400 ಅಥವಾ 7200 ಸುತ್ತು ಹೊಡೆಯುವ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ.

ತಟ್ಟೆಯಲ್ಲಿ ಹೆಚ್ಚು ತುಂಬಬೇಕಾದರೆ ಕಾಂತದ ಕಣಗಳು ಕಿರಿದಾಗಬೇಕು. ಆದರೆ ತೀರಾ ಕಿರಿದಾದ ಕಣ ಕೋಣೆಯ ಶಾಖಕ್ಕೇ ತನ್ನ ದಿಕ್ಕು ಮರೆಯುತ್ತದೆ. ಬರೆದದ್ದು ತಾನಾಗಿ ಅಳಿಯುತ್ತದೆ. ಜಪಾನಿನ ಶುನ್‌ಇಚಿ ಇವಾಸಕಿ 1970ರ ದಶಕದಲ್ಲೇ ಇದಕ್ಕೊಂದು ದಾರಿ ತೋರಿದ್ದರು: ಬಿಟ್‌ಗಳನ್ನು ತಟ್ಟೆಯ ಮೇಲೆ ಮಲಗಿಸುವ ಬದಲು ನೆಟ್ಟಗೆ ನಿಲ್ಲಿಸಿ. ಆ ಬಗೆಯ ಡಿಸ್ಕನ್ನು ತೋಷಿಬಾ ಮಾರುಕಟ್ಟೆಗೆ ತಂದದ್ದು 2005ರಲ್ಲಿ. ಅದೂ ತನ್ನ ಮಿತಿ ಮುಟ್ಟಿದಾಗ ಎಂಜಿನಿಯರ್‌ಗಳು ಇನ್ನೊಂದು ಉಪಾಯ ಹುಡುಕಿದರು. ಮೊದಲ ಸಲ ನ್ಯಾಸ್ ಕಟ್ಟುವವರು ಅರಿತಿರಲೇಬೇಕಾದದ್ದು ಈ ಉಪಾಯವನ್ನೇ.

ಬರೆಯುವ ತಲೆ ಅಗಲ, ಓದುವ ತಲೆ ಸಪೂರ. ಹಾಗಿದ್ದ ಮೇಲೆ ಒಂದು ಸಾಲನ್ನು ಅಗಲವಾಗಿ ಬರೆದು, ಮುಂದಿನ ಸಾಲನ್ನು ಅದರ ಅಂಚಿನ ಮೇಲೆ ಹತ್ತಿಸಿ ಬರೆದರೂ ಓದಲು ಬೇಕಾದಷ್ಟು ಪಟ್ಟಿ ಕಾಣುತ್ತಿರುತ್ತದೆ. ಮಂಗಳೂರು ಹೆಂಚಿನ ಮಾಡನ್ನು ನೆನೆಯಿರಿ. ಒಂದು ಸಾಲಿನ ಮೇಲಂಚನ್ನು ಇನ್ನೊಂದು ಸಾಲು ಮುಚ್ಚಿಕೊಂಡೇ ಮೇಲಕ್ಕೆ ಹೋಗುತ್ತದೆ. ಮಾಡು ಹೊದಿಸುವಾಗ ಏನೂ ತೊಂದರೆಯಿಲ್ಲ, ಸಾಲಾಗಿ ಇಡುತ್ತ ಹೋದರಾಯಿತು. ಮಳೆಗಾಲಕ್ಕೆ ಮುಂಚೆ ನಡುವಿನ ಒಡೆದ ಹೆಂಚು ಬದಲಿಸಬೇಕಾದಾಗ ಕಷ್ಟ ಗೊತ್ತಾಗುತ್ತದೆ: ಮೇಲಿನ ಸಾಲಿನವನ್ನು ಸಡಿಲಿಸಿ ಎತ್ತಬೇಕು. ಡಿಸ್ಕಿನಲ್ಲಿ ಈ ಕಷ್ಟ ಹಲವು ಪಟ್ಟು. ಇಲ್ಲಿ ಹೆಂಚನ್ನು ಎತ್ತಿ ಮತ್ತೆ ಇಡಲು ಬರುವುದಿಲ್ಲ. ನಡುವಿನ ಒಂದು ಸಾಲು ತಿದ್ದಿದರೆ ಅದರ ಮೇಲಿನ ಸಾಲು ಅಳಿಯುತ್ತದೆ. ಅದನ್ನು ಮತ್ತೆ ಬರೆದರೆ ಅದರ ಮೇಲಿನದು. ಹೀಗೆ ಒಂದರ ಮೇಲೊಂದು ಹತ್ತಿಸಿದ ಸಾಲುಗಳ ಆ ಗುಂಪು ಮುಗಿಯುವವರೆಗೆ ಇಡೀ ಮಾಡನ್ನೇ ಹೊಸದಾಗಿ ಹೊದಿಸಬೇಕು. ಡಿಸ್ಕ್ ಇದನ್ನು ಮರೆಮಾಡಲು, ಬಂದ ಹೊಸ ಹೆಂಚುಗಳನ್ನೆಲ್ಲ ಸದ್ಯಕ್ಕೆ ಜಗಲಿಯಲ್ಲಿ ಪೇರಿಸಿಟ್ಟು, ಬಿಡುವಾದಾಗ ಮಾಡಿಗೇರಿಸುತ್ತದೆ. ಜಗಲಿ ತುಂಬುವವರೆಗೆ ಎಲ್ಲವೂ ಸಲೀಸು. ತುಂಬಿದ ಮೇಲೆ ಕೆಲಸ ನಿಂತೇಹೋದಂತೆ ಕಾಣುತ್ತದೆ.

ಈ ಬಗೆಯ ಡಿಸ್ಕಿಗೆ ಎಸ್‌ಎಂಆರ್ ಎಂದು ಹೆಸರು. ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವ ಹಳೆಯ ಬಗೆ ಸಿಎಂಆರ್. ಆಗೊಮ್ಮೆ ಈಗೊಮ್ಮೆ ಬ್ಯಾಕಪ್ ತೆಗೆದಿಡುವ ಹೊರಗಿನ ಡಿಸ್ಕಿಗೆ ಎಸ್‌ಎಂಆರ್ ಏನೂ ಕೆಟ್ಟದ್ದಲ್ಲ. ನ್ಯಾಸ್‌ಗೆ ಮಾತ್ರ ಬೇಡ. 2020ರ ಏಪ್ರಿಲ್‌ನಲ್ಲಿ, ನ್ಯಾಸ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ 2ರಿಂದ 6 ಟಿಬಿಯ ರೆಡ್ ಡಿಸ್ಕ್‌ಗಳಲ್ಲಿ ಎಸ್‌ಎಂಆರ್ ಇದೆಯೆಂಬುದು ಬಳಕೆದಾರರು ಪಟ್ಟುಹಿಡಿದು ಕೇಳಿದ ಮೇಲೆ ಬಯಲಾಯಿತು. ಆಗ ನಡೆದ ಒಂದು ಪರೀಕ್ಷೆಯಲ್ಲಿ ಕೆಟ್ಟ ಡಿಸ್ಕಿನ ಜಾಗಕ್ಕೆ ಹೊಸದನ್ನು ಹಾಕಿ ತುಂಬಿಸಲು ಸಿಎಂಆರ್‌ಗೆ ಒಂದು ದಿನವೂ ಹಿಡಿಯಲಿಲ್ಲ, ಎಸ್‌ಎಂಆರ್‌ಗೆ ಒಂಬತ್ತು ದಿನಕ್ಕೂ ಹೆಚ್ಚು ಬೇಕಾಯಿತು. ಆ ಒಂಬತ್ತು ದಿನವೂ ನಿಮ್ಮ ಫೋಟೊಗಳು ಉಳಿದ ಡಿಸ್ಕ್‌ಗಳ ಆಯಸ್ಸನ್ನೇ ನೆಚ್ಚಿಕೊಂಡಿರುತ್ತವೆ. ಅನಂತರ ಕಂಪನಿ ಸಿಎಂಆರ್ ಡಿಸ್ಕ್‌ಗಳಿಗೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟಿತು. ಯಾವ ಕಂಪನಿಯದಾದರೂ ಸರಿ, ದತ್ತಾಂಶ ಪತ್ರದಲ್ಲಿ ಸಿಎಂಆರ್ ಎಂಬ ಮೂರಕ್ಷರ ಕಣ್ಣಿಗೆ ಬೀಳದ ಹೊರತು ಹಣ ಕೊಡಬೇಡಿ.

ಎಷ್ಟು ಡಿಸ್ಕ್? ಎರಡು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆದಿರಲಿ. ಇದನ್ನು ರೇಡ್-1 ಎನ್ನುತ್ತಾರೆ. ಹಲವು ಅಗ್ಗದ ಡಿಸ್ಕ್‌ಗಳನ್ನು ಜೋಡಿಸಿ ಒಂದು ದುಬಾರಿ ಡಿಸ್ಕನ್ನು ಮೀರಿಸಬಹುದೆಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1987ರಲ್ಲಿ ವಾದಿಸಿ, ಈ ಜೋಡಣೆಗಳಿಗೆಲ್ಲ ರೇಡ್ ಎಂದು ಹೆಸರಿಟ್ಟರು. ಡಿಸ್ಕ್ ಸಾಯುತ್ತದೆ ಎಂದು ಮೊದಲೇ ಒಪ್ಪಿಕೊಂಡು ವಿನ್ಯಾಸ ಮಾಡಿದ್ದು ಅವರ ದೊಡ್ಡತನ. ಅದೇ ಗಿಬ್ಸನ್ ಇಪ್ಪತ್ತು ವರ್ಷದ ನಂತರ, 2007ರಲ್ಲಿ, ಬಿಯಾಂಕಾ ಶ್ರೋಡರ್ ಜೊತೆಗೂಡಿ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ತೆಗೆದು ನೋಡಿದರು. ಕಂಪನಿಗಳು ಮುದ್ರಿಸುವ ‘10 ಲಕ್ಷ ಗಂಟೆ’ ಎಂದರೆ 114 ವರ್ಷ. ಆ ಲೆಕ್ಕಕ್ಕೆ ವರ್ಷಕ್ಕೆ ನೂರರಲ್ಲಿ ಒಂದೂ ಕೆಡಬಾರದು. ನಿಜದಲ್ಲಿ ಬದಲಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ನೂರಕ್ಕೆ 2ರಿಂದ 4, ಕೆಲವೆಡೆ 13ರವರೆಗೆ. ಕೆಡುವಾಗ ಒಂದರ ಹಿಂದೆ ಇನ್ನೊಂದು ಕೆಡುವುದೂ ಕಂಡಿತು. ಆದ್ದರಿಂದ ಎರಡು ಡಿಸ್ಕನ್ನೂ ಒಂದೇ ಪೆಟ್ಟಿಗೆಯಿಂದ ಕೊಳ್ಳದೆ ಬೇರೆ ಬೇರೆ ಅಂಗಡಿಯಿಂದ ತನ್ನಿ.

ಮೂರು ಡಿಸ್ಕಿನ ರೇಡ್-5 ಜಾಗ ಉಳಿಸುತ್ತದೆ ನಿಜ. ಆದರೆ ಒಂದು ಸತ್ತಾಗ ಉಳಿದವನ್ನೆಲ್ಲ ಆದಿಯಿಂದ ಅಂತ್ಯದವರೆಗೆ ಓದಿ, ಲೆಕ್ಕ ಹಾಕಿ, ಕಳೆದದ್ದನ್ನು ಕಟ್ಟಬೇಕು. ಸಾಧಾರಣ ಡಿಸ್ಕಿನ ದತ್ತಾಂಶ ಪತ್ರ 100 ಲಕ್ಷ ಕೋಟಿ ಬಿಟ್ ಓದಿದಾಗ ಒಂದು ತಪ್ಪು ಆಗಬಹುದೆಂದು ಹೇಳಿಕೊಳ್ಳುತ್ತದೆ. ಅದು 12.5 ಟೆರಾಬೈಟ್. ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ, ಆದರೂ ಮೊದಲ ನ್ಯಾಸ್‌ಗೆ ಆ ಜೂಜು ಬೇಡ. ರೇಡ್-1ರಲ್ಲಿ ಉಳಿದೊಂದನ್ನು ನಕಲು ಮಾಡಿದರೆ ಮುಗಿಯಿತು.

ತಪ್ಪನ್ನು ತಾನೇ ತಿದ್ದುವ ಇಸಿಸಿ ಮೆಮೊರಿ ಬೇಕೇ ಎಂಬ ಪ್ರಶ್ನೆಯೂ ಇದೆ. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ ಅವರ ಲೆಕ್ಕಗಳನ್ನು ವಾರಾಂತ್ಯಗಳಲ್ಲಿ ರಿಲೇ ಕಂಪ್ಯೂಟರ್ ತಪ್ಪು ಕಂಡು ಅರ್ಧಕ್ಕೇ ಕೈಬಿಡುತ್ತಿತ್ತು. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದೇಕೆ ತಿಳಿಯಬಾರದು ಎಂದು ಯೋಚಿಸಿ ಅವರು 1950ರಲ್ಲಿ ಪ್ರಕಟಿಸಿದ ಸಂಕೇತವೇ ಇಂದಿನ ಇಸಿಸಿಯ ಮೂಲ. ಅದ್ಭುತವಾದ ಗಣಿತ. ಕಡಿಮೆ ಬೆಲೆಗೆ ಸಿಕ್ಕರೆ ಹಾಕಿಸಿ; ಅದಿಲ್ಲವೆಂದು ನ್ಯಾಸ್ ಕಟ್ಟುವುದನ್ನೇ ಮುಂದೂಡಬೇಕಿಲ್ಲ.

ಮುಂದೂಡಬಾರದ ಖರ್ಚು ಯುಪಿಎಸ್‌ನದು. ಗುಡುಗು ಮಳೆಯ ತಿಂಗಳುಗಳಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟ್ ಹೋದ ಮೇಲೆ ತಾಳಿಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್, ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಪೂರ್ಣ ಅಲೆಗಿಂತ ಕಡಿಮೆ. ಮನೆಯ ಇನ್ವರ್ಟರ್ ಇಕೊ ಮೋಡ್‌ನಲ್ಲಿದ್ದರೆ ಅಷ್ಟು ಬೇಗ ಬದಲಾಗದು, ಯುಪಿಎಸ್ ಮೋಡ್‌ನಲ್ಲಿಡಬೇಕು. ಡಿಸ್ಕ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ: ಇನ್ನೂ ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ವಿದ್ಯುತ್ ಹುಟ್ಟಿಸಿಕೊಂಡು ತಲೆಯನ್ನು ಪಕ್ಕಕ್ಕೆ ಸರಿಸುತ್ತದೆ. ಆದರೆ ಆ ಕ್ಷಣದಲ್ಲಿ ರ‍್ಯಾಮ್‌ನಲ್ಲಿದ್ದು ತಟ್ಟೆಗಿಳಿಯದ ಫೈಲ್ ಹೋದಂತೆಯೇ. ಯುಎಸ್‌ಬಿ ತಂತಿಯಿರುವ ಸಣ್ಣ ಯುಪಿಎಸ್ ಆದರೆ ಬ್ಯಾಟರಿ ಮುಗಿಯುವ ಮೊದಲೇ ಸರ್ವರ್‌ಗೆ ಸುದ್ದಿ ಮುಟ್ಟಿಸಿ ಕ್ರಮವಾಗಿ ಮುಚ್ಚಿಸುತ್ತದೆ.

ಪವರ್ ಸಪ್ಲೈ ಕೊಳ್ಳುವಾಗಲೂ ಎಚ್ಚರ ಬೇಕು. ಓಡುವಾಗ 5ರಿಂದ 8 ವಾಟ್ ತಿನ್ನುವ ಡಿಸ್ಕ್, ತಟ್ಟೆ ತಿರುಗಲು ಶುರುವಾಗುವ ಕೆಲವು ಸೆಕೆಂಡು 20 ವಾಟ್‌ಗೂ ಮೀರಿ ಎಳೆಯುತ್ತದೆ. ಎರಡೂ ಡಿಸ್ಕಿನ ಆ ಎಳೆತವನ್ನು ತಾಳುವಂಥದ್ದನ್ನೇ ಆರಿಸಿ.

ಇಷ್ಟೆಲ್ಲ ಮಾಡಿದರೂ ರೇಡ್ ಬ್ಯಾಕಪ್ ಆಗುವುದಿಲ್ಲ. ಅಳಿಸಿದ ಫೈಲ್ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಯುತ್ತದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಮನೆಯ ನ್ಯಾಸ್‌ಗಳಿಗೆ ನುಗ್ಗಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಅಂಥ ಹೊತ್ತಿನಲ್ಲಿ ಎರಡನೆಯ ಡಿಸ್ಕಿನಿಂದ ಪ್ರಯೋಜನವಿಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಿಂದ ಹೊರಗೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಕಡಿಮೆ ವಾಟ್‌ನ ಪುಟ್ಟ ಪ್ರೊಸೆಸರ್, 8 ಜಿಬಿ ರ‍್ಯಾಮ್, ಬೇರೆ ಬೇರೆ ಕಡೆ ಕೊಂಡ ಎರಡು ಸಿಎಂಆರ್ ಡಿಸ್ಕ್, ಒಂದು ಯುಪಿಎಸ್. ಎಂಟು ಕೋರ್ ಬಿಟ್ಟು ಉಳಿಸಿದ ಹಣದಲ್ಲಿ ಯುಎಸ್‌ಬಿ ಡಿಸ್ಕೊಂದನ್ನು ಕೊಂಡು, ಎಲ್ಲವನ್ನೂ ನಕಲು ಮಾಡಿ, ಅಕ್ಕನ ಮನೆಯಲ್ಲೋ ಊರಿನ ಮನೆಯಲ್ಲೋ ಇಟ್ಟು, ಪ್ರತಿ ಹಬ್ಬಕ್ಕೆ ಹೋದಾಗ ಹೊಸದಾಗಿ ತುಂಬಿಸಿ ಬನ್ನಿ. ನ್ಯಾಸ್ ಕೊಳ್ಳಲು ಸದ್ಯಕ್ಕೆ ಹಣ ಸಾಲದೆ ಹೋದರೂ ಈ ಕೊನೆಯ ಕೆಲಸವನ್ನು ಮಾತ್ರ ಈ ವಾರವೇ ಮಾಡಿಬಿಡಿ.