ಸಭೆಯೊಂದು ತನ್ನನ್ನು ತಾನೇ ನೋಡಿಕೊಳ್ಳುವ ಬಗೆ

ವರ್ಷಕ್ಕೊಮ್ಮೆ ವರದಿ ಓದುವ ವಾಡಿಕೆ ನಮ್ಮ ಎಲ್ಲ ಸಂಘ ಸಂಸ್ಥೆಗಳಲ್ಲಿಯೂ ಉಂಟು. ಕಾರ್ಯದರ್ಶಿಗಳು ಎದ್ದು ನಿಂತು, ಕಳೆದ ಸಾಲಿನ ಕಾರ್ಯಗಳೆಲ್ಲ ಸಾಂಗವಾಗಿ ನೆರವೇರಿದುವೆಂದು ತಿಳಿಸುತ್ತಾರೆ. ಸಭಿಕರು ಚಪ್ಪಾಳೆ ತಟ್ಟಿ ಕಾಫಿಗೆ ಏಳುತ್ತಾರೆ. ಕ್ರೈಸ್ತ ಸಭೆಗಳೂ ಈ ಮಾತಿಗೆ ಹೊರತಲ್ಲ. ಇಲ್ಲಿ ‘ಸಭೆ’ಯೆಂದರೆ ಒಂದು ದೇವಾಲಯಕ್ಕೆ ಸೇರಿ ಒಟ್ಟಾಗಿ ಆರಾಧಿಸುವ ಜನಸಮುದಾಯ, ಕನ್ನಡ ಕ್ರೈಸ್ತರು ಹಿಂದಿನಿಂದಲೂ ಬಳಸುತ್ತ ಬಂದಿರುವ ಪದ. ಅಂಥ ಸಭೆಯ ಆರೋಗ್ಯ ಹೇಗಿದೆಯೆಂದು ಅರಿಯುವುದು ಹೇಗೆ? ವಾರ್ಷಿಕೋತ್ಸವದ ಭಾಷಣದಿಂದ ಅದು ತಿಳಿಯಲಾರದು. ಸಭೆಯ ಬೀರುವಿನಲ್ಲಿರುವ ಹಳೆಯ ದಾಖಲೆ ಪುಸ್ತಕಗಳಿಂದಲೂ, ಈಗ ಬಾರದೆ ಇರುವ ಜನರಿಂದಲೂ ತಿಳಿಯುತ್ತದೆ.

ಈ ಪ್ರಶ್ನೆ ಹೊಸದೇನೂ ಅಲ್ಲ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ, ಇಂದಿನ ತುರ್ಕಿ ದೇಶದಲ್ಲಿದ್ದ ಏಳು ಸಭೆಗಳಿಗೆ ಬರೆದ ಏಳು ಪತ್ರಗಳಿವೆ. ಸಾರ್ದಿಸ್ ಸಭೆಗೆ ಜೀವಂತ ಸಭೆಯೆಂಬ ಹೆಸರಿತ್ತು, ಒಳಗೆ ಜೀವವಿರಲಿಲ್ಲ. ಲವೊದಿಕೀಯದವರು ತಮಗೆ ಯಾವುದಕ್ಕೂ ಕೊರತೆಯಿಲ್ಲವೆಂದು ತಿಳಿದಿದ್ದರು. ಪತ್ರ ಅವರನ್ನು ದರಿದ್ರರೆಂದು ಕರೆಯುತ್ತದೆ. ಸ್ಮುರ್ನದವರು ಬಡವರು, ಅವರನ್ನು ಐಶ್ವರ್ಯವಂತರೆನ್ನುತ್ತದೆ. ಜನಸಂಖ್ಯೆ ದೊಡ್ಡದೆಂದು ಹೊಗಳಿದ ಮಾತು ಯಾವ ಪತ್ರದಲ್ಲಿಯೂ ಇಲ್ಲ. ಹೆಸರು ಬೇರೆ, ಇರವು ಬೇರೆ ಎಂಬ ಈ ಎಚ್ಚರಿಕೆಯೇ ಪರೀಕ್ಷೆಯ ಮೊದಲ ಮೆಟ್ಟಿಲು.

ಬೀರುವಿನಲ್ಲಿರುವ ಚರಿತ್ರೆ

ದೀಕ್ಷಾಸ್ನಾನ, ವಿವಾಹ, ಸಮಾಧಿ ಈ ಮೂರರ ದಾಖಲೆಗಳನ್ನಿಡುವುದು ಸಭೆಗಳ ಹಳೆಯ ಕ್ರಮ. ಇಂಗ್ಲೆಂಡಿನಲ್ಲಿ 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಇದಕ್ಕೆ ಆಜ್ಞೆ ಹೊರಡಿಸಿದನು. ಕಥೋಲಿಕರಲ್ಲಿ 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ನಮ್ಮ ದೇಶದಲ್ಲಿ 1872ರ ಕ್ರೈಸ್ತ ವಿವಾಹ ಕಾಯಿದೆ ವಿವಾಹ ದಾಖಲೆಯನ್ನು ಕಡ್ಡಾಯ ಮಾಡಿತು. ಈ ಪುಸ್ತಕಗಳ ಬೆಲೆ ಎಷ್ಟೆಂಬುದಕ್ಕೆ ಒಂದೇ ನಿದರ್ಶನ ಸಾಕು. ಇಂಗ್ಲೆಂಡಿನ 404 ಸಭೆಗಳ ದಾಖಲೆಗಳನ್ನು ಎಣಿಸಿ, ರಿಗ್ಲಿ ಮತ್ತು ಸ್ಕೋಫೀಲ್ಡ್ ಎಂಬ ವಿದ್ವಾಂಸರು 1541ರಿಂದ 1871ರ ವರೆಗಿನ ಆ ದೇಶದ ಜನಸಂಖ್ಯೆಯ ಚರಿತ್ರೆಯನ್ನೇ ಕಟ್ಟಿ 1981ರಲ್ಲಿ ಪ್ರಕಟಿಸಿದರು. ಹೊರಗಿನ ವಿದ್ವಾಂಸರು ಇಷ್ಟನ್ನು ಓದಬಲ್ಲರಾದರೆ, ಸಭೆಯವರೇ ತಮ್ಮ ಪುಸ್ತಕವನ್ನು ಓದಿಕೊಳ್ಳಲಾಗದೆ?

ಓದುವ ಬಗೆ ಕಷ್ಟದ್ದಲ್ಲ. ಹತ್ತು ಹತ್ತು ವರ್ಷಕ್ಕೆ ಎಷ್ಟು ದೀಕ್ಷಾಸ್ನಾನ, ಎಷ್ಟು ವಿವಾಹ, ಎಷ್ಟು ಸಮಾಧಿಯೆಂದು ಒಂದು ಹಾಳೆಯ ಮೇಲೆ ಬರೆಯಬೇಕು. ಹಳೆಯ ಸಭೆಯಾದರೆ 1876–78ರ ಮಹಾಕ್ಷಾಮದ ಪುಟಗಳನ್ನೂ, ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದ 1918ರ ಇನ್‌ಫ್ಲುಯೆಂಜಾ ಜ್ವರದ ಪುಟಗಳನ್ನೂ ಬಿಡದೆ ನೋಡಬೇಕು. ವಿವಾಹದ ಪುಸ್ತಕದಲ್ಲಿ ವಯಸ್ಸು, ಉದ್ಯೋಗ, ವಾಸಸ್ಥಳ, ತಂದೆಯ ಹೆಸರು ಇವುಗಳಿಗೆ ಕಲಮುಗಳಿವೆ. ಕಸುಬುಗಳು ಹೇಗೆ ಬದಲಾದುವು, ಮನೆಗಳು ದೇವಾಲಯದಿಂದ ಎಷ್ಟು ದೂರ ಸರಿದುವು ಎಂಬುದೆಲ್ಲ ಅಲ್ಲಿಯೇ ಉಂಟು.

ಕೊನೆಯಲ್ಲಿ ವಧೂವರರ ಮತ್ತು ಸಾಕ್ಷಿಗಳ ಸಹಿ. ಯಾರು ಹೆಬ್ಬೆಟ್ಟು ಒತ್ತಿದರು, ಯಾರು ಕನ್ನಡದಲ್ಲಿ ಬರೆದರು, ಯಾವ ವರ್ಷದಿಂದ ಕನ್ನಡದ ಸಹಿಗಳು ವಿರಳವಾದುವು? ಪರಊರಿನಲ್ಲಿರುವ ಕನ್ನಡ ಸಭೆಗೆ ಇದಕ್ಕಿಂತ ನಿಚ್ಚಳವಾದ ಕನ್ನಡಿ ಬೇರೆ ಸಿಗುವುದಿಲ್ಲ.

ಒಂದು ದೊಡ್ಡ ಪರೀಕ್ಷೆ

ಸಭೆಯ ಬಲವಾವುದು, ಆಸರೆಯಾವುದು ಎಂಬುದನ್ನು ತಿಳಿಯಲು ಕರಾವಳಿ ಮತ್ತು ಧಾರವಾಡ ಸೀಮೆಯ ಬಾಸೆಲ್ ಮಿಷನ್ ಸಭೆಗಳ ಕಥೆ ಉಪಯುಕ್ತವಾದುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆ, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಪಶ್ಚಿಮ ಕರಾವಳಿಗೆ ಕಳುಹಿಸಿತು. ಮಂಗಳೂರಿನಲ್ಲಿ ಆರಂಭವಾದ ಕೆಲಸ 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಹಬ್ಬಿತು. ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’, ಕಿಟ್ಟೆಲ್ಲರ 1894ರ ನಿಘಂಟು ಇವುಗಳಿಂದಾಗಿ ಈ ಮಿಷನ್ನಿನ ಋಣ ಎಲ್ಲ ಕನ್ನಡಿಗರ ಮೇಲೂ ಉಂಟು.

ಆದರೆ ಸಭೆಗಳ ಒಳಗಿನ ಕಥೆ ಬೇರೆ. ಹೊಸದಾಗಿ ಕ್ರೈಸ್ತರಾದವರಲ್ಲಿ ಎಷ್ಟೋ ಮಂದಿ ಮನೆ ಮಠ ಕಳೆದುಕೊಂಡರು, ಕಸುಬಿಗೂ ಎರವಾದರು. ಅವರ ಹೊಟ್ಟೆಯ ಪಾಡಿಗೆಂದು ಮಿಷನ್ ನೇಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಉಪಕಾರವೇನೋ ದೊಡ್ಡದು. ಅದರ ಜೊತೆಗೆ ಒಂದು ತೊಡಕೂ ಬೆಳೆಯಿತು: ಅನ್ನ ಕೊಡುವವರೂ ಉಪದೇಶ ಮಾಡುವವರೂ ಒಬ್ಬರೇ ಆದರು. 1914ರಲ್ಲಿ ಮಹಾಯುದ್ಧ ತೊಡಗಿತು. ಮಿಷನರಿಗಳಲ್ಲಿ ಬಹುಮಂದಿ ಜರ್ಮನರು. ಸರಕಾರ ಅವರನ್ನು ಬಂಧನದಲ್ಲಿಟ್ಟು, ಬಳಿಕ ಸ್ವದೇಶಕ್ಕೆ ಸಾಗಿಸಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದುವು. ಇತರ ಮಿಷನ್‌ಗಳ ನೆರವು ಬಂದರೂ, ದಿನದಿನದ ಹೊಣೆಯನ್ನು ಊರಿನ ಬೋಧಕರೂ ಹಿರಿಯರೂ ಹೊರಬೇಕಾಯಿತು. ಸಭೆಗಳು ಅಳಿಯಲಿಲ್ಲ.

ಈ ಪರೀಕ್ಷೆಯನ್ನು ಯುದ್ಧ ಬರುವ ತನಕ ಕಾಯದೆ, ಯಾವ ಸಭೆಯಾದರೂ ಮನಸ್ಸಿನಲ್ಲಿಯೇ ಮಾಡಿಕೊಳ್ಳಬಹುದು. ಸಭಾಪಾಲಕರು ನಾಳೆ ವರ್ಗವಾಗಿ ಹೋದರೆ, ದೊಡ್ಡ ಕಾಣಿಕೆ ಕೊಡುವ ಎರಡು ಮನೆಯವರು ಊರು ಬಿಟ್ಟರೆ, ಯಾವ ಕೆಲಸ ನಿಲ್ಲುತ್ತದೆ, ಯಾವುದು ನಡೆಯುತ್ತದೆ? ನಿಲ್ಲದೆ ನಡೆಯುವಷ್ಟೇ ಸಭೆಯ ಸ್ವಂತ ಬಲ.

ಮಾಡತಕ್ಕ ಕೆಲಸ

ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ, ಸಭೆಗಳನ್ನು ಅಭ್ಯಾಸ ಮಾಡುವ ಒಂದು ಕೈಪಿಡಿಯಲ್ಲಿ ಕಾಲರೇಖೆಯ ಕ್ರಮವನ್ನು ಹೇಳಿದೆ. ಅದನ್ನು ನಮ್ಮಲ್ಲಿಯೂ ಸುಲಭವಾಗಿ ಮಾಡಬಹುದು. ಗೋಡೆಗೆ ಉದ್ದನೆಯ ಕಾಗದ ಹಚ್ಚಿ ನಡುವೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಸಭೆಯ ಸಂಗತಿಗಳು: ಕಟ್ಟಡ ಎದ್ದ ವರ್ಷ, ಸಭಾಪಾಲಕರು ಬದಲಾದ ವರ್ಷ, ಜಗಳವಾದ ವರ್ಷ. ಕೆಳಗೆ ನಾಡಿನ ಸಂಗತಿಗಳು: 1947ರಲ್ಲಿ ದಕ್ಷಿಣ ಭಾರತ ಸಭೆಯ ಸ್ಥಾಪನೆ, 1956ರ ರಾಜ್ಯ ಪುನರ್ವಿಂಗಡಣೆ, ಮುಂಬಯಿಯವರಾದರೆ 1982ರ ಗಿರಣಿ ಮುಷ್ಕರ. ಅಜ್ಜಿಯಿಂದ ಹಿಡಿದು ಮೊಮ್ಮಗನವರೆಗೆ ಪ್ರತಿಯೊಬ್ಬರೂ ತಾವು ಸಭೆಗೆ ಸೇರಿದ ವರ್ಷಕ್ಕೆ ಹೆಸರು ಬರೆಯಲಿ. ಕೆಲವು ಹತ್ತು ವರ್ಷಗಳಲ್ಲಿ ಹೆಸರುಗಳು ಒತ್ತಾಗಿರುತ್ತವೆ, ಕೆಲವು ಬರಿದಾಗಿರುತ್ತವೆ. ಬರಿದಾದ ಕಡೆ ಏನಾಯಿತೆಂದು ಕೇಳುವುದೇ ಚರಿತ್ರೆ.

ಆಮೇಲೆ ಈ ಪ್ರಶ್ನೆಗಳಿಗೆ ಬಾಯಿಮಾತಿನಿಂದಲ್ಲದೆ ಲೆಕ್ಕದಿಂದ ಉತ್ತರ ಬರೆಯಬೇಕು.

1. ಹಬ್ಬದ ದಿನ ಬಿಟ್ಟು ಸಾಧಾರಣ ಭಾನುವಾರ ಎಷ್ಟು ಜನ ಬರುತ್ತಾರೆ? ಅವರಲ್ಲಿ ಮೂವತ್ತು ವರ್ಷದೊಳಗಿನವರು ಎಷ್ಟು?

2. ಕಾಣಿಕೆ ಎಷ್ಟು ಮನೆಗಳಿಂದ ಬರುತ್ತದೆ? ಅದರಲ್ಲಿ ಕಟ್ಟಡಕ್ಕೆ ಎಷ್ಟು, ಬಡವರಿಗೆ ಎಷ್ಟು?

3. ಹತ್ತು ವರ್ಷದ ಹಿಂದೆ ದೃಢೀಕರಣ ಪಡೆದ ಮಕ್ಕಳು ಇಂದು ಎಲ್ಲಿದ್ದಾರೆ?

4. ಕಾಯಿಲೆ ಬಿದ್ದವರ ಮನೆಗೆ ಹೋಗುವವರು ಸಭಾಪಾಲಕರು ಮಾತ್ರವೆ, ಇತರರೂ ಉಂಟೆ?

5. ಹೆಂಗಸರು ಮಾಡುವ ಕೆಲಸವೆಷ್ಟು, ನಿರ್ಣಯ ಮಾಡುವ ಸಮಿತಿಯಲ್ಲಿ ಅವರಿಗಿರುವ ಸ್ಥಾನವೆಷ್ಟು?

ಎಲ್ಲಕ್ಕಿಂತ ಮುಖ್ಯವಾಗಿ, ಬಿಟ್ಟುಹೋದವರನ್ನು ಕಂಡು ಮಾತನಾಡಬೇಕು. ಅವರನ್ನು ಮರಳಿ ಕರೆತರುವ ಉಪದೇಶ ಆ ದಿನ ಬೇಡ. ಕೇಳಿ ಬಂದರೆ ಸಾಕು. ಆದರೆ ದಾಖಲೆಗಳಲ್ಲಿ ಮನೆಮನೆಯ ಗುಟ್ಟುಗಳೂ ಇರುತ್ತವೆ. ಎಣಿಕೆಯನ್ನು ಸಭೆಯ ಮುಂದಿಡಬಹುದು, ಹೆಸರುಗಳನ್ನು ಇಡತಕ್ಕದ್ದಲ್ಲ. ತಪ್ಪನ್ನು ಒಬ್ಬರ ತಲೆಗೆ ಕಟ್ಟಲು ಈ ಪರೀಕ್ಷೆ ನಡೆದರೆ, ಅದನ್ನು ಮಾಡದಿರುವುದೇ ಮೇಲು.

ನುಡಿಯ ಮಾತು

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡ ಸಭೆಗಳಿಗೆ ಇನ್ನೊಂದು ಪ್ರಶ್ನೆ ಉಂಟು. ಕನ್ನಡದಲ್ಲಿ ಕೀರ್ತನೆ ಹಾಡುವ ಮಗು ಕನ್ನಡ ಅಕ್ಷರವನ್ನು ಓದಬಲ್ಲುದೆ? ಓದಲಾರದಿದ್ದರೆ, ಇನ್ನು ಮೂವತ್ತು ವರ್ಷಕ್ಕೆ ಬೈಬಲನ್ನು ಯಾರು ಓದುವರು? ಭಾನುವಾರ ಶಾಲೆಯಲ್ಲಿ ಅರ್ಧ ಗಂಟೆ ಅಕ್ಷರ ಕಲಿಸುವುದು ಒಂದು ದಾರಿ. ತಿಂಗಳಿಗೊಂದು ಆರಾಧನೆಯನ್ನು ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ನಡೆಸುವುದು ಇನ್ನೊಂದು. ಎರಡೂ ಒಟ್ಟಿಗೆ ಸಾಗಬಹುದು. ಕನ್ನಡ ಉಳಿಯಲೆಂದು ಮಕ್ಕಳನ್ನು ಕಳೆದುಕೊಂಡ ಸಭೆಗೆ ಕನ್ನಡವೂ ಉಳಿಯದು. ಮಕ್ಕಳು ಉಳಿಯಲೆಂದು ಕನ್ನಡವನ್ನು ಒಮ್ಮೆಗೇ ಕೈಬಿಟ್ಟ ಸಭೆ ತನ್ನ ಅಜ್ಜಿಯರನ್ನು ಕಳೆದುಕೊಳ್ಳುತ್ತದೆ. ಯಾವುದನ್ನು ಆರಿಸಿದರೂ ಎಣಿಸಿ ನೋಡಿ ಆರಿಸುವುದು ಲೇಸು. ಈಗ ನಡೆಯುತ್ತಿರುವುದು ಬಹುಮಟ್ಟಿಗೆ ನೋಡದೆಯೇ ಜಾರುವುದು.

ಕಾಗದಗಳು ಗೆದ್ದಲಿಗೆ ಈಡಾಗುವ ಮೊದಲೇ ಈ ಕೆಲಸ ಆಗಬೇಕು. ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರಗಳು ಬಾಸೆಲ್ ನಗರದಲ್ಲಿಯೂ, ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿಯೂ ಜೋಪಾನವಾಗಿವೆ. ಪರಊರಿನ ಚಿಕ್ಕ ಸಭೆಗಳ ಪುಸ್ತಕಗಳಿಗೆ ಅಂಥ ಭಾಗ್ಯವಿಲ್ಲ. ಇಂದು ಮೊಬೈಲ್ ಫೋನಿನಲ್ಲಿ ಪುಟಪುಟವನ್ನೂ ಚಿತ್ರ ತೆಗೆದಿಡುವುದು ಇಬ್ಬರು ಹುಡುಗರಿಗೆ ನಾಲ್ಕು ಸಂಜೆಯ ಕೆಲಸ.

ಕ್ರೈಸ್ತರಲ್ಲದ ಓದುಗರು, ಇದರಲ್ಲಿ ನಮಗೇನೆಂದು ಕೇಳಬಹುದು. ನಮ್ಮ ಕನ್ನಡ ಸಂಘಗಳಲ್ಲಿಯೂ ಸದಸ್ಯರ ಪಟ್ಟಿ, ಜಮಾ ಖರ್ಚು, ನಡಾವಳಿಯ ಪುಸ್ತಕಗಳಿವೆ. ಬರುತ್ತಿದ್ದು ಬಾರದೆ ಹೋದವರೂ ಇದ್ದಾರೆ. ಮುಂದಿನ ವಾರ್ಷಿಕೋತ್ಸವಕ್ಕೆ ಹಾರ ತುರಾಯಿಗಳನ್ನು ತರುವ ಮೊದಲು, ಹಿರಿಯರೊಬ್ಬರೂ ಕಿರಿಯರೊಬ್ಬರೂ ಕೂಡಿ ಕುಳಿತು ಆ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಲಿ.